ಕಿವಿಯಕ್ಕನೂ ಕಿರುಚುವ ಪೆಟ್ಟಿಗೆಯೂ

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಹದಿನೆಂಟು ವರ್ಷ ಕಳೆದಿದ್ದ ಆಪರೇಟರಮ್ಮನನ್ನು ಎಲ್ಲರೂ ಕಿವಿಯಕ್ಕ ಎಂದೇ ಕರೆಯುತ್ತಿದ್ದರು. ಕೆಮ್ಮಿದರೆ ಸಾಕು, ಆ ತುದಿಯಲ್ಲಿರುವುದು ಯಾರೆಂದು ಹೇಳಿಬಿಡುತ್ತಿದ್ದಳು. ಅವಳ ಮುಂದಿನ ಬೋರ್ಡಿನ ತುಂಬ ತೂತುಗಳು. ಒಂದರಿಂದ ಇನ್ನೊಂದಕ್ಕೆ ವೈರು ಚುಚ್ಚಿದರೆ ಊರಿಗೂ ಊರಿಗೂ ಮಾತು.

ಒಂದು ಮಧ್ಯಾಹ್ನ ಹವಾಮಾನ ಕಚೇರಿಯ ಗುಮಾಸ್ತ ದೊಡ್ಡ ಊರಿಗೆ ಲೈನು ಕೇಳಿದ. ಕೊಟ್ಟಳು. ಸರಿಯಾಗಿ ಸಿಕ್ಕಿತೋ ಇಲ್ಲವೋ ಎಂದು ಕಿವಿಗೊಟ್ಟರೆ, ಮಾತಿನ ಬದಲು ‘ಕೀಂ... ಘರ್‍ರ್’ ಎಂಬ ಕಿರುಚಾಟ! ಲೈನು ಕೆಟ್ಟಿತೆಂದು ವೈರು ಕಿತ್ತಳು. ಅವನು ಮತ್ತೆ ಕೇಳಿದ, ಇವಳು ಮತ್ತೆ ಕೊಟ್ಟಳು, ಮತ್ತೆ ಕಿತ್ತಳು. ಮೂರನೆಯ ಸಲವೂ ಹಾಗೇ ಆದಾಗ ಗುಮಾಸ್ತ ಒಂದು ಪೆಟ್ಟಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು ಎಕ್ಸ್‌ಚೇಂಜಿಗೇ ಬುಸುಗುಟ್ಟುತ್ತ ಬಂದ.

“ನನ್ನ ಮೇಲೆ ಏನಕ್ಕ ಸಿಟ್ಟು?”

“ನಿನ್ನ ಮೇಲಲ್ಲಪ್ಪ. ಲೈನಲ್ಲಿ ಯಾರೋ ಬೆಕ್ಕಿನ ಬಾಲ ತುಳೀತಿದ್ರು.”

ಗುಮಾಸ್ತನಿಗೆ ನಗು ತಡೆಯಲಾಗಲಿಲ್ಲ. ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟ.

“ಆ ಬೆಕ್ಕು ಇದೇ ನೋಡಿ. ನಮ್ಮ ಕಚೇರಿ ಕಂಪ್ಯೂಟರಿಗೆ ಗೊತ್ತಿರೋದು ಒಂದು ಮತ್ತು ಸೊನ್ನೆ ಮಾತ್ರ. ನಿಮ್ಮ ತಂತಿಗೆ ಗೊತ್ತಿರೋದು ಬರೀ ದನಿ. ಅದಕ್ಕೇ ಇದು ಒಂದು ಅನ್ನೋಕೆ ಒಂದು ಸ್ವರ, ಸೊನ್ನೆ ಅನ್ನೋಕೆ ಇನ್ನೊಂದು ಸ್ವರ ಹಾಡುತ್ತೆ. ಆ ಕಡೆ ಪೆಟ್ಟಿಗೆ ಅದನ್ನ ಕೇಳಿಸ್ಕೊಂಡು ಮತ್ತೆ ಅಂಕಿ ಮಾಡ್ಕೊಳ್ಳುತ್ತೆ. ನಡುವೆ ನೀವು ಕಿವಿ ಹಾಕಿದ್ರೆ ‘ಟಕ್’ ಅನ್ನೋ ಸದ್ದಿಗೇ ಒಂದೆರಡು ಅಂಕಿ ಕೆಟ್ಟುಹೋಗುತ್ತೆ.”

“ಕೆಟ್ರೆ?”

“ಆ ಕಡೆ ಪೆಟ್ಟಿಗೆ ‘ತಾಳೆ ಆಗ್ಲಿಲ್ಲ, ಇನ್ನೊಂದ್ಸಲ ಹೇಳು’ ಅನ್ನುತ್ತೆ.”

“ಪರವಾಗಿಲ್ವೇ! ಅಷ್ಟು ತಾಳ್ಮೆ ನಮ್ಮ ಯಜಮಾನ್ರಿಗೂ ಇಲ್ಲ.”

ಅಂದಿನಿಂದ ಅವನ ಲೈನಿಗೆ ಅವಳು ಕಿವಿ ಹಾಕಲಿಲ್ಲ.

ಕೆಲವು ತಿಂಗಳ ಮೇಲೆ ಜೋರು ಗಾಳಿ ಎದ್ದಿತು. ದೊಡ್ಡ ಊರಿನ ನೇರ ಲೈನಿನಲ್ಲಿ ಬರೀ ಗರಗರ. ಅಂಕಿಗಳು ಎಷ್ಟು ಸಲ ಕಳಿಸಿದರೂ ಮುರಿದೇ ತಲುಪುತ್ತಿದ್ದವು.

“ಅಕ್ಕ, ಬಿರುಗಾಳಿ ಅಂಕಿಗಳು ಈಗ್ಲೇ ಹೋಗ್ಬೇಕು. ದೊಡ್ಡ ಊರಲ್ಲಿ ಲೆಕ್ಕ ಹಾಕಿ ಬಂದರಿಗೆ ಎಚ್ಚರಿಕೆ ಕಳಿಸೋ ಮುಂಚೆ ಮೀನಿನ ದೋಣಿಗಳು ಹೊರಟುಬಿಟ್ರೆ ಕಷ್ಟ,” ಎಂದು ಗುಮಾಸ್ತ ಫೋನಿನಲ್ಲಿ ಗೋಗರೆದ.

ನೇರ ದಾರಿ ಕೆಸರಾದರೆ ಸುತ್ತಿಕೊಂಡು ಹೋಗುವುದಿಲ್ಲವೇ? ಕಿವಿಯಕ್ಕ ಬೆಟ್ಟದಾಚೆಯ ಊರಿನ ಆಪರೇಟರಿಗೆ ಲೈನು ಹಚ್ಚಿದಳು. “ತಂಗಿ, ನಿನ್ನ ಬೋರ್ಡಿಂದ ದೊಡ್ಡ ಊರಿಗೆ ದಾರಿ ಕೊಡು. ಕಿರುಚಾಟ ಕೇಳಿದ್ರೆ ಗಾಬರಿಯಾಗ್ಬೇಡ. ಮುಟ್ಟಲೂಬೇಡ!”

ನಾಲ್ಕು ನಿಮಿಷ ಆ ವೈರನ್ನು ಯಾರೂ ಮುಟ್ಟದಂತೆ ಕಾದಳು. ಆಮೇಲೆ ಫೋನಿನಲ್ಲಿ ಗುಮಾಸ್ತನ ಕೂಗು: “ಹೋಯ್ತಕ್ಕ! ಒಂದಂಕಿನೂ ಮುಕ್ಕಾಗಿಲ್ಲ!” ಆ ದಿನ ಒಂದೇ ಒಂದು ದೋಣಿಯೂ ದಡ ಬಿಡಲಿಲ್ಲ.

ಮುಂದೆ ತೂತಿನ ಬೋರ್ಡು ಹೋಗಿ, ತಾವೇ ದಾರಿ ಹುಡುಕುವ ಯಂತ್ರಗಳು ಬಂದವು. ಯಾವ ಲೈನು ಗಾಳಿಗೆ ಗೊಣಗುತ್ತದೆ, ಯಾವುದು ಸದ್ದಿಲ್ಲದೆ ದುಡಿಯುತ್ತದೆ ಎಂಬುದು ಎಂಜಿನಿಯರುಗಳ ನಕ್ಷೆಯಲ್ಲಿ ಇರಲಿಲ್ಲ, ಕಿವಿಯಕ್ಕನಿಗೆ ಬಾಯಿಪಾಠವಾಗಿತ್ತು. ಅದಕ್ಕೇ ಅವಳನ್ನು ಹೊಸ ಯಂತ್ರದ ಕೋಣೆಗೇ ಹಾಕಿಕೊಂಡರು.

“ಈಗೇನೇ ನಿನ್ನ ಕೆಲಸ?” ಎಂದು ಮನೆಯಲ್ಲಿ ಅವಳ ಅತ್ತೆ ಕೇಳಿದರು.

“ಕಂಪ್ಯೂಟರುಗಳಿಗೆ ದಾರಿ ಹೇಳೋದು, ಅತ್ತೆ.”

“ಅಷ್ಟೊಂದು ಬುದ್ಧಿ ಇರೋದಕ್ಕೆ ದಾರಿ ಗೊತ್ತಾಗಲ್ವಾ?” ಎಂದು ಅತ್ತೆ ಬಾಯಿಯ ಮೇಲೆ ಕೈಯಿಟ್ಟುಕೊಂಡರು.