ಗುರುವಯ್ಯನ ಎಡೆಗೆ ಒಂದು ಪ್ಯಾಕೆಟ್

ಬೆಂಗಳೂರಿನಿಂದ ಬಂದ ನಾಲ್ವರು ಹೆಂಗಸರು ಹೋಂಸ್ಟೇ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು, ತಲೆ ಹಿಂದಕ್ಕೆ ಚೆಲ್ಲಿ ಕೂತಿದ್ದರು. ಹುಚ್ಚಮ್ಮ ಒಬ್ಬೊಬ್ಬರ ತಲೆಗೂ ಬಿಯರ್ ಹೊಯ್ಯುತ್ತಿದ್ದಳು. ನೊರೆ ಕಿವಿಯ ಹಿಂದೆ ಇಳಿದು ಕೆಳಗಿಟ್ಟ ಬೋಗುಣಿಗೆ ಬೀಳುತ್ತಿತ್ತು.

"ಕೂದ್ಲಿಗೆ ಎಷ್ಟು ಶೈನ್ ಬರುತ್ತೆ ಗೊತ್ತಾ? ನೀನೂ ಹಾಕ್ಕೋ ಹುಚ್ಚಮ್ಮ," ಎಂದಳು ಒಬ್ಬಳು.

"ನಮ್ಮನೇವ್ರು ಇಪ್ಪತ್ತು ವರ್ಷ ಹೊಟ್ಟೆಗೇ ಹಾಕ್ಕೊಂಡ್ರು ಅಕ್ಕಾ. ಎಂತ ಶೈನೂ ಬರ್ಲಿಲ್ಲ."

ಹೆಂಗಸರು ನಕ್ಕರು. ಹುಚ್ಚಮ್ಮ ನಗಲಿಲ್ಲ. ಅವಳು ನಗಿಸಲು ಹೇಳಿದ್ದಲ್ಲ.

ಮೂಡಿಗೆರೆಯಿಂದ ದೇವರಮನೆಗೆ ಹೋಗುವ ದಾರಿಯ ಈ ಎಸ್ಟೇಟಿಗೆ ಹುಚ್ಚಮ್ಮ ವಸ್ತಾರೆಯಿಂದ ಮದುವೆಯಾಗಿ ಬಂದವಳು. ಕಾಫಿ ಕುಯ್ದಳು, ಕಳೆ ತೆಗೆದಳು, ಕೂಲಿಯಾಳುಗಳ ಲೈನ್ ಮನೆಯಲ್ಲಿ ಸಂಸಾರ ಮಾಡಿದಳು. ಸಾಹುಕಾರರ ಸೊಸೆ ಕೃತಿಕಾ ಹೋಂಸ್ಟೇ ತೆರೆದ ಮೇಲೆ ಅಲ್ಲಿ ಪಾತ್ರೆಗೆ ನಿಂತಳು. ಈಗ ತಲೆಗಳನ್ನೂ ತೊಳೆಯಬೇಕು.

ಅದು ಲಿಂಗಪೂಜೆಯ ಮನೆ. ಅಂಗಳದಲ್ಲಿ ಮೊಟ್ಟೆ ಸಿಪ್ಪೆ ಕಂಡರೂ ಕೃತಿಕಾಳ ಅತ್ತೆ ಶಿವಗಂಗಮ್ಮ ಗೋಮೂತ್ರ ಚಿಮುಕಿಸುತ್ತಿದ್ದರು. ಅಂಥ ಮನೆಗೆ ಬಾಟಲಿ ಬಂದದ್ದು ಕೂದಲಿನ ಹೆಸರಿನಲ್ಲಿ. "ಔಷಧಿ ಅತ್ತೆ, ಹಚ್ಕೊಳ್ಳೋದು," ಎಂದಿದ್ದಳು ಕೃತಿಕಾ. ರಮ್ಮಿಗೆ ಕಾಫಿಪುಡಿ ಕಲಸಿ ಮುಖಕ್ಕೆ. ವೋಡ್ಕಾ ಮೊಡವೆಗೆ. ಬ್ರಾಂದಿಯನ್ನು ಶಿವಗಂಗಮ್ಮನ ಮಂಡಿನೋವಿಗೆ ಹುಚ್ಚಮ್ಮನೇ ತಿಕ್ಕುತ್ತಿದ್ದಳು. ಅವರು ಕಣ್ಣು ಮುಚ್ಚಿ, "ಎಂತ ಚಂದ ವಾಸ್ನೆ ಮಾರಾಯ್ತಿ," ಎನ್ನುತ್ತಿದ್ದರು. ಇದೇ ವಾಸನೆ ಹುಚ್ಚಮ್ಮನ ಗಂಡ ಗುರುವಯ್ಯನ ಅಂಗಿಯಿಂದ ಬಂದಾಗ ಇವರೇ ಮೂಗಿಗೆ ಸೆರಗು ಹಿಡಿದು, ಅಂಗಳಕ್ಕೆ ಕಾಲಿಡಬೇಡ ಎಂದಿದ್ದರು.

ನಾಳೆ ಮಹಾಲಯ ಅಮಾವಾಸ್ಯೆ, ನಾಡಿದ್ದಿನಿಂದ ನವರಾತ್ರಿ. ಒಂಬತ್ತು ದಿನಕ್ಕೆ ಒಂಬತ್ತು ಬಣ್ಣದ ಕಾಕ್‌ಟೇಲ್ ಮಾಡಿ ಫೋನಿನಲ್ಲಿ ತೋರಿಸುವುದು ಕೃತಿಕಾಳ ದಸರಾ. ಕೆಂಪಿಗೆ ಬೀಟ್ರೂಟ್, ಹಸಿರಿಗೆ ಪುದೀನ, ಬಿಳಿಗೆ ತೆಂಗಿನಹಾಲು. ಬೂದುಬಣ್ಣ ಹೇಗೂ ಬರಲಿಲ್ಲ. ಕೊನೆಗೆ ಕರಿಎಳ್ಳು ಅರೆದು ಹಾಕಿದಳು. ಊರೆಲ್ಲ ಎಳ್ಳನ್ನು ಸತ್ತವರಿಗೆ ಬಿಡುವ ಹೊತ್ತಿನಲ್ಲಿ ಇವಳು ಅದನ್ನು ಗ್ಲಾಸಿಗೆ ಬಿಟ್ಟಳು. ಗ್ಲಾಸಿನ ಬಾಯಿಗೆ ಉಪ್ಪು, ಮೆಣಸಿನ ಪುಡಿ ಮೆತ್ತಿದಳು. ಮೇಲೊಂದು ಚೆಂಡುಹೂವು ಸಿಕ್ಕಿಸಿದಳು.

ಗುರುವಯ್ಯನಿಗೆ ಇಷ್ಟೆಲ್ಲ ಶೃಂಗಾರ ಬೇಕಿರಲಿಲ್ಲ. ಬ್ರಾಂದಿ ಪ್ಯಾಕೆಟ್ಟಿನ ಮೂಲೆಯನ್ನು ಹಲ್ಲಿನಲ್ಲಿ ಹರಿದು ಉಗಿದು, ಲೋಟಕ್ಕೆ ಸುರಿದು, ಒಂದೇ ಗುಟುಕಿಗೆ ಕುಡಿದು, ಅಂಗೈಯ ಉಪ್ಪು ನೆಕ್ಕುತ್ತಿದ್ದ. ನೆರಳಿನ ಮರ ಹತ್ತಿ ಕೊಂಬೆ ಕಡಿಯುವುದರಲ್ಲಿ ಆ ಎಸ್ಟೇಟಿನಲ್ಲಿ ಅವನಿಗೆ ಸಮ ಯಾರೂ ಇರಲಿಲ್ಲ. ಮರದಿಂದ ಇಳಿದ ಮೇಲೆ ನಾಲ್ಕು ಕಾಸಿಗೂ ಆಗದವನು. ಬ್ರಾಂದಿ ಅಂಗಡಿಯಿಂದ ತಂದು ಕೊಡು ಎಂದು ಎಷ್ಟು ಸಲ ಕೇಳಿದರೂ ಹುಚ್ಚಮ್ಮ ಹೋಗಲಿಲ್ಲ. ಆ ಮೆಟ್ಟಿಲು ಹತ್ತುವುದಿಲ್ಲ ಎಂದು ಮೊದಲ ವರ್ಷವೇ ಹೇಳಿದ್ದಳು. ಕಳೆದ ಫಾಲ್ಗುಣದಲ್ಲಿ, ಕಾಫಿ ಹೂವಾಗಿದ್ದ ವಾರ, ಅವನು ಹೊಟ್ಟೆ ಉಬ್ಬಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದ. ಕಣ್ಣು ಅರಿಶಿನವಾಗಿತ್ತು. "ಒಂದೇ ಒಂದು ತಾ ಮಾರಾಯ್ತಿ," ಎಂದು ಅತ್ತ. ಅವಳು ಆಗಲೂ ಹತ್ತಲಿಲ್ಲ. ಮಾರನೇ ದಿನ ಸತ್ತ.

ಈಗ ಅವನ ಮೊದಲನೇ ಎಡೆ. ಹಿರಿಯರ ಹಬ್ಬದಲ್ಲಿ ಸತ್ತವರಿಗೆ ಇಷ್ಟವಾದದ್ದನ್ನು ಇಡಬೇಕು. ಸೇದುತ್ತಿದ್ದವನಿಗೆ ಬೀಡಿ, ಕುಡಿಯುತ್ತಿದ್ದವನಿಗೆ ಬ್ರಾಂದಿ. ಅದು ಮೀಸಲಾಗಿರಬೇಕು. ಯಾರೂ ಬಾಯಿ ಇಟ್ಟಿರಬಾರದು, ಮೂಸಿಯೂ ಇರಬಾರದು. ಎಂಜಲು ಇಟ್ಟರೆ ಸತ್ತವರು ಮುಟ್ಟದೆ ಹೊರಟುಹೋಗುತ್ತಾರೆ. ಕೊನೆಯ ಸಲ ಕೇಳಿದ್ದನ್ನು ಕೊಡದೆ ಕಳಿಸಿದವಳು, ಈ ಸಲವೂ ಹಾಗೇ ಕಳಿಸುವಂತಿರಲಿಲ್ಲ.

ಹಿಂದಿನ ದಿನ ಮೈದುನ ಅರುಣನನ್ನು ಮೂಡಿಗೆರೆಗೆ ಕಳಿಸಿದ್ದಳು. ಅವನು ತಂದ ಪ್ಯಾಕೆಟ್ಟಿನ ಮೂಲೆ ಹರಿದಿತ್ತು.

"ಬಸ್ಸಲ್ಲಿ ಒತ್ತಿ ಹರ್ದೋಯ್ತು ಅತ್ತಿಗೆ."

"ಬಸ್ಸಿಗೆ ಹಲ್ಲಿತ್ತೇನೋ?"

ಅದನ್ನು ಅವನ ಮುಖಕ್ಕೇ ಎಸೆದಳು. ಅವನು ಬೀಳಗೊಡದೆ ಹಿಡಿದುಕೊಂಡ. ಅದೊಂದು ಕೆಲಸ ಚೆನ್ನಾಗಿ ಬರುತ್ತದೆ.

ಹಾಗಾಗಿ ಇವತ್ತು ಕೃತಿಕಾಳನ್ನು ಕೇಳಿದಳು. "ಸೀಲ್ ಒಡೀದಿರೋದು ಒಂದು ಕೊಡಿ ಅಮ್ಮಾ. ಸಣ್ಣದು ಸಾಕು. ನಮ್ಮನೇವ್ರ ಎಡೆಗೆ."

ಕೃತಿಕಾ ಫೋನಿನಿಂದ ತಲೆ ಎತ್ತಲಿಲ್ಲ. "ಅದೆಲ್ಲಾ ಗೆಸ್ಟ್‌ಗೆ ಬೇಕು ಹುಚ್ಚಮ್ಮ. ಈ ಜಗ್ಗಲ್ಲಿ ಉಳ್ದಿದೆ ನೋಡು, ತಗೊಂಡ್ಹೋಗು. ಕಿತ್ತಳೆ ಹಾಕಿದೀನಿ."

"ಎಲ್ಲಾರೂ ಕುಡ್ದಿದ್ದು ಅಮ್ಮಾ. ಎಂಜಲು."

"ನಿನ್ ಗಂಡ ಚರಂಡೀಲಿ ಬಿದ್ದಿರ್ತಿದ್ದೋನು. ಅವನಿಗೆಂತ ಎಂಜಲು?"

ನೆನೆದ ತಲೆಯ ಹೆಂಗಸರಲ್ಲಿ ಒಬ್ಬಳು ಕಿಸಕ್ಕೆಂದಳು. ಹುಚ್ಚಮ್ಮ ಕೈಯಲ್ಲಿದ್ದ ಚೊಂಬನ್ನು ಕೆಳಗಿಟ್ಟಳು.

"ಚರಂಡೀಲಿ ಬಿದ್ದಿದ್ದು ಹೌದಮ್ಮಾ. ಆದ್ರೆ ಚರಂಡೀಗೆ ಹೂ ಮುಡ್ಸಿ ಫೋಟೋ ತೆಗೀಲಿಲ್ಲ ಅವ್ನು."

"ಏನಂದೆ?"

"ನಂಗೆ ಮೂಡಿಗೆರೆ ಬಸ್ಸಿದೆ."

"ಇವ್ರ ತಲೆ ಯಾರು ತೊಳೀತಾರೆ?"

"ಕೈ ಇದಾವಲ್ಲ ಅವ್ರಿಗೆ."

ಬಿಯರ್ ಒಣಗಿದರೆ ತಲೆಗೆ ನೊಣ ಮುತ್ತುತ್ತದೆ. ಅದನ್ನು ಅವಳು ಹೇಳಲಿಲ್ಲ.

ಮೂಡಿಗೆರೆಯ ಆ ಅಂಗಡಿಗೆ ಮೂರೇ ಮೆಟ್ಟಿಲು. ಇಪ್ಪತ್ತು ವರ್ಷ ಹತ್ತದೆ ಉಳಿದದ್ದು ಈ ಮೂರನ್ನೇ ಎಂದು ನೋಡಿ ಅವಳಿಗೆ ಅಸಹ್ಯವಾಯಿತು. ಹತ್ತಿದಳು. ಗಂಡಸರು ಹಾವು ಕಂಡವರ ಹಾಗೆ ಸರಿದರು. ಎಸ್ಟೇಟಿನ ಪಿಕಪ್ ಓಡಿಸುವ ಕಲ್ಲೇಶ ಹಲ್ಲು ಕಿರಿದ.

"ಎಂತ ಹುಚ್ಚಮ್ಮಕ್ಕ, ನೀವೂ ಶುರು ಮಾಡಿದ್ರಾ?"

"ಸತ್ತೋನಿಗೆ ತಗೊಂಡ್ಹೋಗೋಕೆ ಬಂದಿದೀನಿ. ನಾಳೆ ನಿನ್ ಹೆಂಡ್ತೀನೂ ಬರ್ಬೇಕಾಗುತ್ತೆ. ಮೆಟ್ಲು ತೋರ್ಸಿಟ್ಟಿರು."

ಅಂಗಡಿಯವನು ಯಾವುದು ಬೇಕೆಂದು ಕೇಳಿದ. ಹೆಸರು ಅವಳಿಗೆ ಓದಲು ಬರುತ್ತಿರಲಿಲ್ಲ. ಆದರೆ ಲೈನ್ ಮನೆಯ ಹಿಂದಿನಿಂದ ಇಪ್ಪತ್ತು ವರ್ಷ ಗುಡಿಸಿ ಸುಟ್ಟ ಪ್ಯಾಕೆಟ್ಟಿನ ಬಣ್ಣ ಮರೆಯುವುದುಂಟೆ? ಬೆರಳು ಮಾಡಿ ತೋರಿಸಿದಳು. ನಾಲ್ಕೂ ಮೂಲೆ ಮುಟ್ಟಿ ನೋಡಿ, ಸೆರಗಿನಲ್ಲಿ ಕಟ್ಟಿಕೊಂಡಳು.

ಮಾರನೇ ದಿನ ಮಧ್ಯಾಹ್ನ ಎಡೆ ಹಾಕಿದಳು. ಬಾಳೆಲೆಯ ಮೇಲೆ ಕಡುಬು, ಕೋಳಿಸಾರು, ಒಂದು ಕಟ್ಟು ಬೀಡಿ. ತುದಿಯಲ್ಲಿ ಚಿಟಿಕೆ ಉಪ್ಪು. ಪ್ಯಾಕೆಟ್ಟಿಗೆ ಹಲ್ಲು ತಾಗಿಸುವಂತಿಲ್ಲ. ಅವನು ಕೊಂಬೆ ಕಡಿಯುತ್ತಿದ್ದ ಕತ್ತಿಯಿಂದ ಮೂಲೆ ಕೊಯ್ದಳು. ಮುಖ ಆಚೆ ತಿರುಗಿಸಿ, ಉಸಿರು ಬಿಗಿಹಿಡಿದು, ಅವನ ಸ್ಟೀಲ್ ಲೋಟಕ್ಕೆ ತುಂಬಾ ಹೊಯ್ದಳು.

"ತಗೋ. ಅವತ್ತು ಕೇಳಿದ್ಯಲ್ಲ. ಮುಂದಿನ ವರ್ಷದಿಂದ ಕಾಫಿನೇ. ಬಂದ್ರೆ ಬಾ, ಬಿಟ್ರೆ ಬಿಡು."

ಸತ್ತವರು ಉಣ್ಣುವಾಗ ಬದುಕಿದವರು ನೋಡಬಾರದು. ಬಾಗಿಲು ಎಳೆದುಕೊಂಡು ಹೊರಗೆ ಕೂತಳು. ಪಕ್ಕದಲ್ಲಿ ಅರುಣ ಕೂತಿದ್ದ. "ಅತ್ತಿಗೆ, ಆಮೇಲೆ ಅದು ಯಾರಿಗೆ?" ಎಂದ.

"ಎಂತ ಅದು?"

"ಲೋಟದಲ್ಲಿ ಉಳ್ದಿರೋದು."

"ನಿನ್ ಅಣ್ಣ ಲೋಟದಲ್ಲಿ ಉಳ್ಸಿದ್ದು ಯಾವತ್ತಾದ್ರೂ ನೋಡಿದ್ಯಾ?"

ಅರುಣ ನೆನಪು ಮಾಡಿಕೊಂಡು, ಇಲ್ಲ ಎಂದು ತಲೆಯಾಡಿಸಿದ.

ಹುಚ್ಚಮ್ಮ ಎದ್ದು ಮೂರು ಸಲ ಬಾಗಿಲು ತಟ್ಟಿ ತೆರೆದಳು. ಉಪ್ಪು ಹಾಗೇ ಇತ್ತು. ಲೋಟ ಅಂಚಿನವರೆಗೂ ತುಂಬಿತ್ತು, ಒಂದು ಹನಿ ಇಳಿದಿರಲಿಲ್ಲ.

"ಥೂ ನಿನ್ನ! ಇದಕ್ಕಾ ನನ್ನ ಆ ಮೆಟ್ಲು ಹತ್ಸಿದ್ದು?" ಎಂದಳು.

ಗುರುವಯ್ಯ ಸತ್ತದ್ದು ಅವಳಿಗೆ ಆಗ ಗೊತ್ತಾಯಿತು. ಹೊಸ್ತಿಲ ಮೇಲೇ ಕುಸಿದು ಅತ್ತಳು.