ಆಯುಧಪೂಜೆಗೆ ಆರಿಸಿದ ಸರ್ವರ್

ಹೆಬ್ಬೂರಿನ ಜಯಪ್ರಕಾಶ ಪುಕ್ಕಲ ಮನುಷ್ಯ. ಯಾರಾದರೂ ಹಾಗೆಂದರೆ ಅವನಿಗೆ ಬೇಸರವೂ ಇಲ್ಲ. ತುಮಕೂರಿನ ಶಿರಾ ಗೇಟ್ ಬಳಿ ಡಾಕ್ಟರ್ ನಾಗಭೂಷಣ್ ಅವರ ಸ್ಕ್ಯಾನಿಂಗ್ ಸೆಂಟರಿನಲ್ಲಿ ಸರ್ವರ್ ನೋಡಿಕೊಳ್ಳುವುದು ಹದಿನೇಳು ವರ್ಷದಿಂದ ಅವನ ಕೆಲಸ. ಗುಬ್ಬಿಯಲ್ಲೊಂದು, ಕುಣಿಗಲ್ಲಿನಲ್ಲೊಂದು ಶಾಖೆ. ಎಲ್ಲಿ ಯಾರಿಗೆ ಸ್ಕ್ಯಾನ್ ಆದರೂ ರಿಪೋರ್ಟು ಬಂದು ಸೇರುವುದು ಅವನ ಕೋಣೆಯ ಸರ್ವರಿಗೆ, ಆ ಕಪ್ಪು ಪೆಟ್ಟಿಗೆಗೆ. ಕೋಣೆಗೆ ಒಂದೇ ಬೀಗದ ಕೈ. ಕಳೆದುಹೋದೀತೆಂದು ಅದನ್ನವನು ಉಡಿದಾರಕ್ಕೆ ಕಟ್ಟಿಕೊಂಡಿದ್ದ.

ಡಾಕ್ಟರು ಈ ವರ್ಷ ಎರಡು ಸಲ ಅವನನ್ನು ಕೂರಿಸಿಕೊಂಡು ಕೇಳಿದ್ದರು. ರಿಪೋರ್ಟು ಇಟ್ಟುಕೊಳ್ಳಲು ನಮ್ಮದು ಪ್ರೈವೇಟ್ ಕ್ಲೌಡ್, ಸ್ವಂತ ಮನೆ ಇದ್ದ ಹಾಗೆ. ಯಜಮಾನಿಕೆ ನಮ್ಮದೇ, ಸೂರು ಸೋರಿದರೆ ಹತ್ತಬೇಕಾದವರೂ ನಾವೇ. ದೊಡ್ಡ ಕಂಪನಿಯ ಪಬ್ಲಿಕ್ ಕ್ಲೌಡ್ ವಠಾರ. ನೂರಾರು ವ್ಯಾಪಾರದವರು ಒಂದೇ ಕಡೆ, ಬೀಗ ಮಾತ್ರ ಬೇರೆ ಬೇರೆ. ಒಂದು ಯಂತ್ರ ಕೆಟ್ಟರೆ ಇನ್ನೊಂದು ನಡೆಯುತ್ತದೆ, ಹಗಲೂ ರಾತ್ರಿ ಕಾಯುವವರಿರುತ್ತಾರೆ. ಹೋಗೋಣವೇ?

ಎರಡು ಸಲವೂ ಅವನು ಬೇಡವೆಂದ. ಕಾರಣವನ್ನು ಹೇಳಿರಲಿಲ್ಲ. ಅವನ ತಂಗಿ ಶಿಲ್ಪಾಗೆ ಹಿಂದೊಮ್ಮೆ ಟಿ.ಬಿ. ಆಗಿತ್ತು. ಯಾರೋ ಅವಳ ರಿಪೋರ್ಟನ್ನು ಹೋಟೆಲ್ ಟೇಬಲ್ಲಿನ ಮೇಲೆ ಮರೆತುಬಂದು, ಊರಿಗೆಲ್ಲ ಸುದ್ದಿಯಾಗಿ, ಗೊತ್ತಾಗಿದ್ದ ಮದುವೆ ಮುರಿದುಬಿತ್ತು. ಕಾಯಿಲೆ ವಾಸಿಯಾಗಿ ಅವಳೀಗ ಗುಬ್ಬಿಯ ಶಾಲೆಯಲ್ಲಿ ಮೇಡಂ ಆಗಿದ್ದಾಳೆ. ಅಣ್ಣನ ಭಯ ಮಾತ್ರ ವಾಸಿಯಾಗಲಿಲ್ಲ. ವಠಾರದಲ್ಲಿ ಗುಟ್ಟು ನಿಲ್ಲುತ್ತದೆಯೇ ಎಂಬುದು ಅವನ ಪ್ರಶ್ನೆ.

ಆಯುಧಪೂಜೆಯ ಹಿಂದಿನ ಸಂಜೆ, ಪ್ರತಿ ವರ್ಷದಂತೆ, ಅವನು ಪೆಟ್ಟಿಗೆಗೆ ಅರಿಶಿನ ಕುಂಕುಮವಿಟ್ಟು, ಸೇವಂತಿಗೆ ಹಾರ ಹಾಕಿ, ಕಾಯಿ ಒಡೆದು, ಅದನ್ನು ಆಫ್ ಮಾಡಿದ. ದುಡಿದ ಯಂತ್ರಕ್ಕೆ ಒಂದು ದಿನ ಬಿಡುವು. ಶಾಖೆಗಳೂ ಅಂದು ಮುಚ್ಚಿರುತ್ತಿದ್ದವು. ಈ ವರ್ಷ ಕುಣಿಗಲ್ಲಿಗೆ ಸಿ.ಟಿ. ಯಂತ್ರ ಬಂದಿದೆ, ಹಬ್ಬಕ್ಕೂ ರಜೆಯಿಲ್ಲ ಎನ್ನುವುದು ಅವನ ತಲೆಗೆ ಬರಲೇ ಇಲ್ಲ.

ಹಬ್ಬದ ದಿನ ಹೆಬ್ಬೂರಿನ ಮನೆಯಲ್ಲಿ ಊಟಕ್ಕೆ ಎಲೆ ಹಾಕಿದ್ದರು. ಕುಣಿಗಲ್ಲಿನ ಟೆಕ್ನಿಷಿಯನ್ ಆಶಾರಾಣಿ ಫೋನ್ ಮಾಡಿದಳು. ಮಾರ್ಕೋನಹಳ್ಳಿಯ ವನಜಮ್ಮ ಎಂಬಾಕೆ ಹೊಟ್ಟೆನೋವಿನಿಂದ ಒದ್ದಾಡುತ್ತಿದ್ದಾರೆ, ಒಳಭಾಗ ಎದ್ದು ಕಾಣಲು ಬಣ್ಣದ ಇಂಜೆಕ್ಷನ್ ಕೊಟ್ಟು ಸ್ಕ್ಯಾನ್ ಮಾಡಬೇಕು. ಹಿಂದೆ ತುಮಕೂರಲ್ಲಿ ನಮ್ಮ ಸೆಂಟರಿನಲ್ಲೇ ಯಾವುದೋ ಸೂಜಿಗೆ ಮೈ ಊದಿತ್ತಂತೆ, ಯಾವುದೆಂದು ಆಕೆಗೆ ನೆನಪಿಲ್ಲ.

"ಹಳೇ ರಿಪೋರ್ಟ್ ಓಪನ್ ಆಗ್ತಿಲ್ಲ ಸರ್. ಮುಕ್ಕಾಲು ಗಂಟೆ ಕಾಯ್ತಾರಂತೆ ಇಲ್ಲಿನ ಡಾಕ್ಟ್ರು, ಆಮೇಲೆ ಕೊಡೋದೇ ಅಂತೆ."

ಸರ್ವರ್ ಆರಿಸಿ ಬಂದದ್ದು ಅವನಿಗೆ ಆಗ ನೆನಪಾಯಿತು. ಬೀಗದ ಕೈ ಸೊಂಟದಲ್ಲಿ, ಬೀಗ ಶಿರಾ ಗೇಟಿನಲ್ಲಿ. ಬಾಳೆಕಂದು ಕಟ್ಟಿದ್ದ ಸ್ಕೂಟರನ್ನು ಹಾಗೇ ಹೊರಡಿಸಿದ. ಚಕ್ರದಡಿಯ ನಿಂಬೆಹಣ್ಣು ಅಪ್ಪಚ್ಚಿಯಾಯಿತು. ದಾರಿಯುದ್ದಕ್ಕೂ ಅವನಿಗೆ ಬೇಡವಾದದ್ದೇ ಕಾಣುತ್ತಿತ್ತು. ಎಂದೂ ಮುಖ ನೋಡದ ವನಜಮ್ಮ ಉಸಿರಿಗಾಗಿ ಬಾಯಿ ತೆರೆಯುತ್ತಿದ್ದರು. ಇನ್ನೊಂದು ಬೀಗದ ಕೈ ಮಾಡಿಸಿ ಯಾರಿಗಾದರೂ ಕೊಟ್ಟಿದ್ದರೆ ಇಷ್ಟು ಹೊತ್ತಿಗೆ ರಿಪೋರ್ಟು ಅವರ ಮುಂದಿರುತ್ತಿತ್ತು.

ಬೀಗ ತೆಗೆದು ಒಳಗೆ ನುಗ್ಗಿದ. ಹಾರ ಕಿತ್ತು ಎಸೆದು ಸ್ವಿಚ್ ಒತ್ತಿದ. ಪೆಟ್ಟಿಗೆ ತನ್ನ ಪಾಡಿಗೆ ನಿಧಾನವಾಗಿ ಎಚ್ಚರಗೊಂಡಿತು. ಅದಕ್ಕೆ ಹಿಡಿದ ಏಳು ನಿಮಿಷವೂ ಅವನು ಕುಂಕುಮದ ಮುಂದೆಯೇ ಕೈ ಮುಗಿದು ನಿಂತಿದ್ದ. ಕೊನೆಗೆ ತೆರೆಯ ಮೇಲೆ ವನಜಮ್ಮನ ಹೆಸರು ಬಂತು: ಆರು ವರ್ಷದ ಹಿಂದೆ, ಇದೇ ಬಣ್ಣದ ಇಂಜೆಕ್ಷನ್, ಗಂಟಲು ಊದಿ ಉಸಿರು ಕಟ್ಟಿತ್ತು, ಮತ್ತೆ ಕೊಡಕೂಡದು.

ಫೋನ್ ಮಾಡಿದ. ಎತ್ತಲಿಲ್ಲ. ಮತ್ತೆ ಮಾಡಿದ. ಗಡಿಯಾರ ಐವತ್ತು ನಿಮಿಷ ದಾಟಿತ್ತು. ಮೂರನೇ ಸಲಕ್ಕೆ ಆಶಾರಾಣಿ ಎತ್ತಿದಳು.

"ಕೊಡಬೇಡಮ್ಮ," ಎಂದ. ಇನ್ನೊಮ್ಮೆ ಅದನ್ನೇ ಹೇಳಿದ.

"ಕೊಟ್ಟಿಲ್ಲ ಸರ್. ಸಿರಿಂಜ್ ಹಿಡ್ಕೊಂಡೇ ನಿಂತಿದ್ದೆ," ಎಂದು ಅವಳು ಅತ್ತುಬಿಟ್ಟಳು.

ಸ್ಕ್ಯಾನನ್ನು ಬಣ್ಣವಿಲ್ಲದೆ ಮಾಡಿದರು. ವನಜಮ್ಮ ಬದುಕಿದರು, ಅವರಿಗೆ ಇದಾವುದೂ ತಿಳಿಯದು.

ಮರುದಿನ ಜಯಪ್ರಕಾಶ ಬೀಗದ ಕೈಯನ್ನು ಬಿಚ್ಚಿ ಡಾಕ್ಟರ ಮೇಜಿನ ಮೇಲಿಟ್ಟು, ವಠಾರಕ್ಕೇ ಹೋಗೋಣ ಎಂದ. ಭಯ ಹೋಯಿತೇನಯ್ಯಾ ಎಂದು ಅವರು ಕೇಳಿದರು.

"ಇಲ್ಲ ಸಾರ್. ನನ್ ತಂಗಿ ರಿಪೋರ್ಟೂ ಆ ಪೆಟ್ಟಿಗೇಲೇ ಐತೆ," ಎಂದ. "ಅದನ್ನೂ ಅಲ್ಲಿಗೇ ಕಳ್ಸಿ."