ಕರಿಯಂಗಿಯವರ ಒಂದು ಅಭಿಪ್ರಾಯ

ನನ್ನ ಗಂಡ ವಾಷಿಂಗ್ ಮಷಿನ್ ರಿಪೇರಿ ಮಾಡುತ್ತಾರೆ. ಬೀದಿಯವರು ಅವರನ್ನು ಕರಿಯಂಗಿಯವರು ಎನ್ನುತ್ತಾರೆ, ಯಾಕೆಂದರೆ ಐವತ್ತಮೂರು ವರ್ಷದ ಈ ಮನುಷ್ಯ ಮದುವೆಗೆ ಹೋದರೂ ಕಪ್ಪು ಅಂಗಿ, ಮಾರುಕಟ್ಟೆಗೆ ಹೋದರೂ ಕಪ್ಪು ಅಂಗಿ. ಒಗೆದು ಒಗೆದು ಬೂದಿ ಬಣ್ಣಕ್ಕೆ ತಿರುಗಿದ ಮೇಲೂ ಅದು ಕಪ್ಪೇ ಎಂದು ವಾದ ಮಾಡುತ್ತಾರೆ. ಇದಕ್ಕೆಲ್ಲ ಕಾರಣ ಹಾಡು. ರೇಡಿಯೋದಲ್ಲಿ ಬರುವ ಹಾಡಲ್ಲ. ಯಾರದೋ ಶೆಡ್ಡಿನಲ್ಲಿ ನಾಲ್ಕು ಜನ ಸೇರಿ, ಗಿಟಾರನ್ನು ಗರಗಸದಂತೆ ಉಜ್ಜಿ, ಸಾವು, ಒಂಟಿತನ, ಖಾಲಿ ಮನೆ ಇಂಥವುಗಳ ಬಗ್ಗೆ ಹಾಡಿ, ಟೇಪಿನ ಐವತ್ತೋ ಅರವತ್ತೋ ಪ್ರತಿ ಹಂಚಿ ಮಾಯವಾಗುತ್ತಾರಲ್ಲ, ಅಂಥವರ ಹಾಡು. ಗಾಥಿಕ್, ಡೂಮ್, ಪೋಸ್ಟ್-ಪಂಕ್ ಎಂದು ಅದರಲ್ಲೂ ಒಳಪಂಗಡಗಳಿವೆ. ಮದುವೆಯಾದ ಹೊಸತರಲ್ಲಿ ನನಗೆ ಎಲ್ಲವೂ ಒಂದೇ ಮಷಿನ್ ಕೆಟ್ಟ ಹಾಗೆ ಕೇಳಿಸುತ್ತಿತ್ತು. ಇಪ್ಪತ್ತಾರು ವರ್ಷ ಸಂಸಾರ ಮಾಡಿದ ಮೇಲೆ ಈಗ ಬೇರೆ ಬೇರೆ ಮಷಿನ್ ಕೆಟ್ಟ ಹಾಗೆ ಕೇಳಿಸುತ್ತದೆ.

ಕೇಳಿ ಸುಮ್ಮನಿದ್ದಿದ್ದರೆ ನನ್ನದೇನೂ ತಕರಾರಿರಲಿಲ್ಲ. ಇವರಿಗೆ ಅಭಿಪ್ರಾಯಗಳಿವೆ. ಮೂರು ತಿಂಗಳಿಗೊಮ್ಮೆ ಅವನ್ನು ನಾಲ್ಕು ಪುಟಕ್ಕೆ ಇಳಿಸಿ, ಜೆರಾಕ್ಸ್ ಮಾಡಿಸಿ, ಇವರಂಥದೇ ಹುಚ್ಚಿರುವ ಎಂಬತ್ತು ಜನಕ್ಕೆ ಅಂಚೆಯಲ್ಲಿ ಕಳಿಸುತ್ತಾರೆ. ಸ್ಟ್ಯಾಂಪು ಅಂಟಿಸುವವಳು ನಾನೇ ಆದ್ದರಿಂದ ಅಭಿಪ್ರಾಯಗಳೆಲ್ಲ ನನಗೆ ಬಾಯಿಪಾಠ. ಮುಖಪುಟದಲ್ಲಿ ನಗುವ ಹಾಡುಗಾರನನ್ನು ನಂಬಬಾರದು. ಡ್ರಮ್ಮು ಬಕೆಟ್ಟಿಗಿಂತ ಚೊಕ್ಕಟವಾಗಿ ಕೇಳಿಸಿದರೆ ಯಾರೋ ಬುದ್ಧಿವಂತರು ಕೈಯಾಡಿಸಿದ್ದಾರೆ ಎಂದರ್ಥ. ಕಣ್ಣಿಗೆ ಕಾಡಿಗೆ ಮೆತ್ತಿಕೊಳ್ಳುವುದು ತಪ್ಪಲ್ಲ, ಆದರೆ ಮೂರನೆಯ ಹಾಡಿನ ಹೊತ್ತಿಗೆ ಅದು ಬೆವರಿನಲ್ಲಿ ಕೆನ್ನೆಗಿಳಿದಿರಬೇಕು. ಹಾಡುವವರು ಅಳಬಾರದು, ಅಳುವುದು ಕೇಳುವವರ ಕೆಲಸ. ಒಂದು ತಂಡದ ಹುಡುಗರು ಹೊಸ ಹಾಡು ಕಳಿಸಿ ಹೇಗಿದೆ ಎಂದು ಕೇಳಿದ್ದಕ್ಕೆ, "ಕತ್ತಲೆ ಸಾಲದು, ಕಿಟಕಿ ಮುಚ್ಚಿಕೊಂಡು ಇನ್ನೊಮ್ಮೆ ಹಾಡಿ" ಎಂದು ಅಚ್ಚು ಹಾಕಿಸಿಬಿಟ್ಟರು. ಆ ಹುಡುಗರು ಇವತ್ತಿಗೂ ಇವರನ್ನು ಕಂಡರೆ ರಸ್ತೆ ದಾಟುತ್ತಾರೆ.

ಇಷ್ಟು ಖಡಕ್ಕಾದ ಮನುಷ್ಯ ತಲೆಬಾಗುವುದು ಒಂದೇ ಒಂದು ಟೇಪಿಗೆ. ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಬೈಕ್ ಗ್ಯಾರೇಜೊಂದರ ಮೂಲೆಯಲ್ಲಿದ್ದ ರಟ್ಟಿನ ಪೆಟ್ಟಿಗೆಯಲ್ಲಿ ಸಿಕ್ಕಿದ್ದಂತೆ. ಹೊದಿಕೆಯ ಮೇಲೆ ಮೆಟ್ಟಿಲುಗಳ ಮಸುಕು ಚಿತ್ರ ಬಿಟ್ಟರೆ ಹೆಸರಿಲ್ಲ, ವಿಳಾಸವಿಲ್ಲ. ಒಟ್ಟು ಐದು ಹಾಡು. ಹಾಡುವವಳ ದನಿ ದಪ್ಪ, ಭಾರ. ಒಂದೊಂದು ಮಾತನ್ನೂ ಎಳೆದು ತಂದು ಇಡುತ್ತಾಳೆ. ಮೂರನೆಯ ಹಾಡಿನಲ್ಲಂತೂ ಇನ್ನೇನು ನಿಂತೇಹೋದಳು ಎನ್ನುವಾಗ ಮತ್ತೆ ಎದ್ದು ಬರುತ್ತಾಳೆ. ನಿಧಾನ ಎಂದರೇನು ಎಂದು ಗೊತ್ತಿದ್ದದ್ದು ಅವಳೊಬ್ಬಳಿಗೇ ಎಂದು ಇವರ ವಾದ. ಹೊಸ ತಂಡ ಯಾವುದೇ ಬರಲಿ, ಇವರು ಅದನ್ನು ಆ ಟೇಪಿನ ಪಕ್ಕ ಇಟ್ಟೇ ತೂಗುವುದು. ಅದೊಂದು ಸುಳ್ಳಾದರೆ ಮೂವತ್ತು ವರ್ಷ ಇವರು ಬರೆದದ್ದಕ್ಕೆಲ್ಲ ನೆಲೆಯೇ ಇಲ್ಲ.

ಇನ್ನು ಇವರ ಕೆಲಸದ ರೀತಿ. ಗಿರಾಕಿ ಫೋನು ಮಾಡಿ ಮಷಿನ್ ಕೆಟ್ಟಿದೆ ಎಂದರೆ ಸಾಲದು, ಅದು ಹೇಗೆ ಸದ್ದು ಮಾಡುತ್ತದೆ ಎಂದು ಬಾಯಲ್ಲೇ ಮಾಡಿ ತೋರಿಸಬೇಕು. ಬ್ಯಾಂಕ್ ಮ್ಯಾನೇಜರು, ಹೆರಿಗೆ ಡಾಕ್ಟರು, ಎಲ್ಲರೂ ನಾಚಿಕೆ ಬಿಟ್ಟು ಗುರ್ ಗುರ್ ಎಂದಿದ್ದಾರೆ. ನಾನು ಸ್ಪೀಕರ್ ಹಾಕುತ್ತೇನೆ, ಇವರು ಕಣ್ಣು ಮುಚ್ಚಿ ಕೇಳಿ, "ಬೇರಿಂಗು" ಎಂದೋ "ಬೆಲ್ಟು" ಎಂದೋ "ಜೇಬಲ್ಲಿ ಬೀಗದಕೈ ಬಿಟ್ಟಿದಾರೆ" ಎಂದೋ ಹೇಳುತ್ತಾರೆ. ಇದರಲ್ಲಿ ಇವರು ತಪ್ಪಿದ್ದನ್ನು ನಾನು ಕಂಡಿಲ್ಲ.

ಕಳೆದ ವರ್ಷ ಒಂದು ಬೆಳಿಗ್ಗೆ ಒಬ್ಬ ಹೆಂಗಸು ಫೋನು ಮಾಡಿದರು. ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವರಂತೆ. ಸದ್ದು ಮಾಡಿ ತೋರಿಸಿ ಎಂದೆ. "ನಿಜವಾಗ್ಲೂ ಮಾಡಬೇಕಾ?" ಎಂದು ನಕ್ಕರು. ಆಮೇಲೆ ಉಸಿರು ಎಳೆದುಕೊಂಡು, ಹೊಟ್ಟೆಯ ಆಳದಿಂದ ಉದ್ದಕ್ಕೆ ನರಳಿದರು. ಇವರ ಕೈಯಲ್ಲಿದ್ದ ಟೀ ಮೇಜಿನ ಮೇಲೆಲ್ಲ ಚೆಲ್ಲಿತು.

"ಬೇರಿಂಗಾ?" ಎಂದು ಕೇಳಿದೆ.

"ಅವಳು," ಎಂದರು.

ಒಬ್ಬರೇ ಹೋಗಲು ಇವರಿಗೆ ಧೈರ್ಯವಾಗಲಿಲ್ಲ. "ನೀನೂ ಬಾರೇ, ನನಗೆ ಮಾತು ತೊದಲುತ್ತೆ," ಎಂದು ಗೋಗರೆದರು. ಟೂಲ್ ಬಾಕ್ಸಿನಲ್ಲಿ ಸ್ಪ್ಯಾನರುಗಳ ಪಕ್ಕ ಬಟ್ಟೆ ಸುತ್ತಿದ ಆ ಟೇಪು. ಮನೆ ಎರಡನೇ ಮಹಡಿಯಲ್ಲಿತ್ತು. ಮೇಡಂಗೆ ಐವತ್ತರ ಆಸುಪಾಸು, ಕತ್ತಿನಲ್ಲಿ ಡ್ರೈವಿಂಗ್ ಸ್ಕೂಲಿನ ಗುರುತಿನ ಚೀಟಿ, ಮೂಗಿನ ತುದಿಯಲ್ಲಿ ಕನ್ನಡಕ. ಬಚ್ಚಲಿನ ಪಕ್ಕದ ಇಕ್ಕಟ್ಟಿನಲ್ಲಿ ಕೂತು ಇವರು ಒಂದೂವರೆ ಗಂಟೆ ತಲೆ ಎತ್ತದೆ ಬೇರಿಂಗು ಬದಲಿಸಿದರು. ಆಮೇಲೆ ಕೈ ಒರೆಸಿಕೊಂಡು, ಟೇಪು ಹೊರತೆಗೆದು, "ಇದು ನೀವಾ?" ಎಂದಷ್ಟೇ ಕೇಳಿದರು.

ಮೇಡಂ ಆ ಮೆಟ್ಟಿಲಿನ ಚಿತ್ರ ನೋಡಿ ಕುರ್ಚಿ ಎಳೆದುಕೊಂಡು ಕೂತರು.

"ಇದಿನ್ನೂ ಇದೆಯಾ? ಎಲ್ಲಾ ಕಸಕ್ಕೆ ಹೋಯ್ತು ಅಂದ್ಕೊಂಡಿದ್ದೆ. ಹಾಳಾಗಿದ್ದ ಮಾಲು ಅದು."

"ಹಾಳಾಗಿದ್ದಾ?"

"ಪ್ರತಿ ಮಾಡಿಕೊಟ್ಟೋನ ಪ್ಲೇಯರಲ್ಲಿ ಟೇಪು ತಿರುಗಿಸೋ ಬೆಲ್ಟು ಸಡಿಲ ಇತ್ತು ರೀ. ಅರವತ್ತಕ್ಕೆ ಅರವತ್ತೂ ಎಳ್ಕೊಂಡು ಎಳ್ಕೊಂಡು ಓಡ್ತಿದ್ವು. ನನಗಾಗ ಹತ್ತೊಂಬತ್ತು. ಗಂಡಸಿನ ದನಿ ಬಂದಿದೆ ಅಂತ ಕೇಳಿದೋರೆಲ್ಲ ನಕ್ಕರು. ನಮ್ಮ ನಮ್ಮಲ್ಲೇ ಜಗಳ ಆಯ್ತು, ತಂಡ ಒಡೀತು. ಆಮೇಲೆ ನಾನು ಬಾಯೇ ತೆಗೀಲಿಲ್ಲ. ಬಚ್ಚಲಲ್ಲಿ ಕೂಡ ಹಾಡಿಲ್ಲ."

ನನಗೆ ನಗು ಬರಬೇಕಿತ್ತು. ಮೂರು ಮನೆ ಆಚೆಯ ಮಷಿನ್ನಿನ ಬೆಲ್ಟು ಸಡಿಲವಾದರೆ ಊಟದ ತಟ್ಟೆಯ ಮುಂದೆ ಕೂತಲ್ಲೇ ಹೇಳುವ ಮನುಷ್ಯ, ಮೂವತ್ತು ವರ್ಷ ಒಂದು ಸಡಿಲ ಬೆಲ್ಟನ್ನು ತಲೆಯ ಮೇಲೆ ಹೊತ್ತು ಮೆರೆಸಿದ್ದರು. ಇಂಥ ಹಾಡು ಕೇಳದವರು ಯಾರಾದರೂ ಆಗಿದ್ದರೆ ಮೊದಲ ಸಾಲಿಗೇ ಟೇಪು ಕೆಟ್ಟಿದೆ ಎನ್ನುತ್ತಿದ್ದರು. ಇವರ ಪಂಗಡದವರಿಗೆ ಮಾತ್ರ ಕೆಟ್ಟು ಕೇಳಿಸಿದ್ದೆಲ್ಲ ಬೇಕೆಂದೇ ಮಾಡಿದ್ದು. ಆದರೆ ಇವರ ಮುಖ ನೋಡಿದಾಗ ನನಗೆ ನಗಲಾಗಲಿಲ್ಲ. ಆ ಎಂಬತ್ತು ಜನಕ್ಕೆ ಗೊತ್ತಾಗದಂತೆ ನಾನು ಮುಚ್ಚಿಡಬಲ್ಲೆ, ಇವರಿಗೇ ಗೊತ್ತಾಗಿಹೋಯಿತಲ್ಲ.

"ಸರಿಯಾಗಿರೋದು ನನ್ನ ಹತ್ರ ಇದೆ," ಎಂದರು ಮೇಡಂ. "ಇಷ್ಟು ವರ್ಷದಲ್ಲಿ ಯಾರೂ ಕೇಳಿಲ್ಲ. ಕೇಳ್ತೀರಾ?"

ಅಟ್ಟದಿಂದ ಹಳೆಯ ಟೇಪ್ ರೆಕಾರ್ಡರ್ ಇಳಿಸಿ, ಧೂಳು ಊದಿ, ಮೂಲ ಟೇಪು ಹಾಕಿದರು. ಅದೇ ಮೂರನೆಯ ಹಾಡು. ದನಿ ತೆಳ್ಳಗೆ, ಚುರುಕಾಗಿ, ಬಸ್ಸು ತಪ್ಪೀತು ಎಂದು ಓಡುವವರಂತೆ ಹೋಗುತ್ತಿತ್ತು. ನಿಂತು ಏಳುವ ಆ ಜಾಗ ಬಂದದ್ದೂ ತಿಳಿಯಲಿಲ್ಲ, ಹೋದದ್ದೂ ತಿಳಿಯಲಿಲ್ಲ. ಹಾಡು ಮುಗಿದ ಮೇಲೆ ಮೇಡಂ ಕೈ ಕಟ್ಟಿಕೊಂಡು ಪರೀಕ್ಷೆಯ ಫಲಿತಾಂಶಕ್ಕೆ ನಿಂತವರ ಹಾಗೆ ಇವರನ್ನು ನೋಡಿದರು.

"ಹೇಗಿದೆ?"

ಚೆನ್ನಾಗಿದೆ ಎಂದುಬಿಡಿ ಎಂದು ನಾನು ಇವರ ತೊಡೆಗೆ ಚಿವುಟಿದೆ. ನನ್ನ ಅಡುಗೆಯ ವಿಷಯದಲ್ಲಿ ಸಲೀಸಾಗಿ ಸುಳ್ಳು ಹೇಳುವವರು ಹಾಡಿನ ವಿಷಯದಲ್ಲಿ ಒಂದೇ ಒಂದು ಹೇಳಿದವರಲ್ಲ.

"ಚೆನ್ನಾಗಿಲ್ಲ ಮೇಡಂ," ಎಂದರು. "ಇದರಲ್ಲಿ ನಿಮಗೆ ಬೇಗ ಮುಗಿಸಿ ಮನೆಗೆ ಹೋಗೋ ಅವಸರ. ಬೆಲ್ಟು ಸಡಿಲ ಅಂತ ನನಗೆ ಗೊತ್ತಾಗಬೇಕಿತ್ತು, ಗೊತ್ತಾಗಲಿಲ್ಲ. ಅದು ನನ್ನ ದಡ್ಡತನ, ನಾಲ್ಕು ಜನ ನಕ್ಕರೆ ನಗಲಿ. ಆದ್ರೂ ನನ್ನ ಟೇಪೇ ಚೆನ್ನಾಗಿದೆ."

ಮೇಡಂ ಮುಖ ಕೆಂಪಾಯಿತು. ಎದ್ದು ಹೋಗಿ ತಮ್ಮ ಟೇಪು ಕಿತ್ತು, ಇವರ ಕೈಯಲ್ಲಿದ್ದದ್ದನ್ನು ಕಿತ್ತುಕೊಂಡು ತುರುಕಿದರು. "ಅದ್ಯಾವ ಸೀಮೆ ಚೆನ್ನಾಗಿರೋದು, ನೋಡೇಬಿಡೋಣ. ಇದನ್ನ ನಾನು ಇವತ್ತಿನವರೆಗೂ ಪೂರ್ತಿ ಕೇಳಿಲ್ಲ."

ಮೊದಲ ಹಾಡಿಗೆ ಕೈ ಕಟ್ಟಿಕೊಂಡೇ ಇದ್ದರು. ಎರಡನೆಯದಕ್ಕೆ ಕೈ ಸಡಿಲವಾಯಿತು. ಮೂರನೆಯದರಲ್ಲಿ ತುಟಿ ಅಲ್ಲಾಡಿತು, ಆಮೇಲೆ ದನಿಯೂ ಹೊರಟಿತು. ಇಷ್ಟು ವರ್ಷ ಕಲಿಯುವವರ ಪಕ್ಕ ಕೂತು ಬ್ರೇಕು, ಬ್ರೇಕು ಎಂದು ಕೂಗಿ ಕೂಗಿ ಅವರ ದನಿ ದಪ್ಪವಾಗಿ, ಇಳಿದು, ಸರಿಯಾಗಿ ಆ ಟೇಪು ಇದ್ದಲ್ಲಿಗೇ ಬಂದಿತ್ತು. ಹತ್ತೊಂಬತ್ತರ ಹುಡುಗಿ ಏರಿದಷ್ಟು ಎತ್ತರಕ್ಕೆ ಈಗ ಅವರಿಂದ ಏರಲಾಗುತ್ತಿರಲಿಲ್ಲ, ಈ ನಿಧಾನ ಮಾತ್ರ ಅಳತೆ ಕೊಟ್ಟು ಹೊಲಿಸಿದಷ್ಟು ಸರಿಹೊಂದಿತು. ನಿಲ್ಲುವಲ್ಲಿ ನಿಂತರು, ಏಳುವಲ್ಲಿ ಎದ್ದರು. ಇಪ್ಪತ್ತಾರು ವರ್ಷದಲ್ಲಿ ಈ ಹಾಡುಗಳಿಂದ ನನಗೆ ತಲೆನೋವು ಬಿಟ್ಟು ಬೇರೇನೂ ಬಂದಿರಲಿಲ್ಲ. ಅವತ್ತು ಹಾಡು ಮುಗಿಯದಿರಲಿ ಎನಿಸಿತು.

ಹಾಡು ಮುಗಿಯಿತು. ಮೇಡಂ ಗುಂಡಿ ಒತ್ತಿ ನಿಲ್ಲಿಸಿ, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು.

"ಈಗ?"

ಇವರ ಕಣ್ಣೂ ಒದ್ದೆ, ಮೂಗೂ ಒದ್ದೆ. ಇನ್ನಾದರೂ ಈ ಮನುಷ್ಯನ ಬಾಯಿಂದ ಒಂದು ಹೊಗಳಿಕೆ ಬರುತ್ತದೆ ಎಂದುಕೊಂಡೆ.

"ಎರಡನೇ ಸಾಲಲ್ಲಿ ಅವಸರ ಮಾಡಿದ್ರಿ," ಎಂದರು. "ಅದೊಂದು ಸರಿಹೋದ್ರೆ ಆಯ್ತು."

ಮೇಡಂ ಫೋನು ಎತ್ತಿಕೊಂಡು, ಕೆಳಗೆ ಕಾರಿನ ಹತ್ತಿರ ಕಾಯುತ್ತಿದ್ದ ಯಾರಿಗೋ ಇವತ್ತು ಕ್ಲಾಸಿಲ್ಲ, ನಾಳೆ ಬನ್ನಿ ಎಂದು ಹೇಳಿ, ಟೇಪನ್ನು ಹಿಂದಕ್ಕೆ ಸುತ್ತಿದರು.